ಹಳೆಯ ಕಂಬಗಳ ಪರೀಕ್ಷೆ

ಕಟ್ಟಡದ ಭಾರವನ್ನೆಲ್ಲ ಹೊತ್ತು ತಳಪಾಯಕ್ಕೆ ಇಳಿಸುವ ಅಂಗವೇ ಕಂಬ. ಛಾವಣಿಯ ಒಂದು ಭಾಗ ಬಿರಿದರೆ ಒಂದು ಕೋಣೆಗೆ ಅಪಾಯ. ಕಂಬ ಮುರಿದರೆ ಕಟ್ಟಡವೇ ಕುಸಿಯಬಹುದು. ಆದುದರಿಂದ ಹಳೆಯ ಕಟ್ಟಡವೊಂದು ಇನ್ನೂ ವಾಸಯೋಗ್ಯವೇ ಎಂಬ ಪ್ರಶ್ನೆ ಎದ್ದಾಗ ಎಂಜಿನಿಯರುಗಳ ದೃಷ್ಟಿ ಮೊದಲು ಕಂಬಗಳತ್ತ ಹೊರಳುತ್ತದೆ.

ಕಾಂಕ್ರೀಟು ಒತ್ತಡವನ್ನು ತಡೆಯಬಲ್ಲದು. ಎಳೆತಕ್ಕೆ ಬೇಗ ಬಿರಿಯುತ್ತದೆ. ಈ ಕೊರತೆಯನ್ನು ತುಂಬಲೆಂದೇ ಅದರೊಳಗೆ ಉಕ್ಕಿನ ಸರಳುಗಳನ್ನು ನಿಲ್ಲಿಸುತ್ತಾರೆ. ಆ ಸರಳುಗಳನ್ನು ಸುತ್ತುವರಿದು ಕಟ್ಟುವ ತೆಳುಸರಳಿನ ಬಳೆಗಳನ್ನು ಕೆಲಸಗಾರರು ರಿಂಗು ಎನ್ನುತ್ತಾರೆ. ಬಂಡಿಯ ಗಾಲಿಗೆ ತೊಡಿಸಿದ ಕಬ್ಬಿಣದ ಪಟ್ಟಿ ಮರದ ತುಂಡುಗಳನ್ನು ಚದುರಗೊಡದೆ ಹಿಡಿದಿಡುವಂತೆ, ರಿಂಗುಗಳು ಕಂಬದ ಒಡಲನ್ನು ಹಿಡಿದಿಡುತ್ತವೆ.

ಈ ಬಿಗಿತದ ಮಹತ್ವವನ್ನು 1971ರ ಫೆಬ್ರವರಿ 9ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಂಭವಿಸಿದ ಸ್ಯಾನ್ ಫರ್ನಾಂಡೊ ಭೂಕಂಪ ಎತ್ತಿ ತೋರಿಸಿತು. ಅಲ್ಲಿನ ಆಲಿವ್ ವ್ಯೂ ಆಸ್ಪತ್ರೆಯ ಕಟ್ಟಡ ಆಗಷ್ಟೇ ಸಿದ್ಧವಾಗಿತ್ತು. ಅದರಲ್ಲಿ ವಿರಳವಾಗಿ ರಿಂಗು ಕಟ್ಟಿದ್ದ ಮೂಲೆಯ ಕಂಬಗಳು ನುಚ್ಚುನೂರಾದುವು. ಒತ್ತೊತ್ತಾಗಿ ಸುರುಳಿಸರಳು ಸುತ್ತಿದ್ದ ಕಂಬಗಳಾದರೋ, ಹೊರಪದರವನ್ನು ಕಳೆದುಕೊಂಡು ಓರೆಯಾದರೂ ಭಾರವನ್ನು ಹೊತ್ತೇ ನಿಂತುವು. ಕಂಬದ ಬಲಾಬಲ ಅದರ ವಯಸ್ಸಿನಲ್ಲಷ್ಟೇ ಇಲ್ಲ, ಒಳಗಿನ ರಚನೆಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಇಂತಹ ಅನುಭವಗಳಿಂದ ಎಲ್ಲೆಡೆ ನಿಯಮಗಳು ಬಿಗಿಯಾದುವು. ಭಾರತದ ಸಾಮಾನ್ಯ ಕಾಂಕ್ರೀಟು ಸಂಹಿತೆಯಂತೆ ರಿಂಗುಗಳ ನಡುವೆ 300 ಮಿಲಿಮೀಟರಿನವರೆಗೂ ಅಂತರವಿರಬಹುದು. ಭೂಕಂಪವನ್ನು ತಾಳಬೇಕಾದ ಕಟ್ಟಡಗಳಿಗಾಗಿ 1993ರಲ್ಲಿ ಬಂದ ಸಂಹಿತೆಯು, ಕಂಬದ ತುದಿಗಳಲ್ಲಿ ಈ ಅಂತರ 100 ಮಿಲಿಮೀಟರನ್ನು ಮೀರಕೂಡದೆಂದು ವಿಧಿಸಿತು. ರಿಂಗಿನ ಕೊನೆಗಳನ್ನು 135 ಡಿಗ್ರಿ ಬಾಗಿಸಿ ಒಡಲೊಳಗೆ ಹುದುಗಿಸಬೇಕೆಂದೂ ಹೇಳಿತು. ಅದಕ್ಕೂ ಹಿಂದಿನ ಕಟ್ಟಡಗಳಲ್ಲಿ ಈ ಏರ್ಪಾಡು ಸಾಮಾನ್ಯವಾಗಿ ಕಾಣಸಿಗದು. ನಿಯಮವಿದ್ದರೂ ಪಾಲಿಸದಿದ್ದರೆ ಫಲವಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿಯೂ ಬಹುಮಹಡಿ ಕಟ್ಟಡಗಳು ಕುಸಿದುವು. ಅವುಗಳಲ್ಲಿ ಹಲವು, ವಾಹನ ನಿಲ್ಲಿಸಲೆಂದು ನೆಲಮಹಡಿಯಲ್ಲಿ ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಂತಿದ್ದುವು.

ಹಾಗಾದರೆ ಕಂಬದ ಒಳಗನ್ನು ಅರಿಯುವುದು ಹೇಗೆ? ಮೂಲ ನಕ್ಷೆ ದೊರೆತರೆ ಮೊದಲು ಅದನ್ನು ನೋಡಬೇಕು. ಸರಳುಗಳು ಎಲ್ಲಿವೆ ಎಂಬುದನ್ನು ಕಾಂತೀಯ ಉಪಕರಣ ತಿಳಿಸುತ್ತದೆ. ಶ್ರವಣಾತೀತ ತರಂಗಗಳು ಸಾಗುವ ವೇಗವು ಒಳಗಿನ ಬಿರುಕು ಪೊಳ್ಳುಗಳನ್ನು ಸೂಚಿಸುತ್ತದೆ. ಕೊರೆದು ತೆಗೆದ ಉರುಳೆಯಾಕಾರದ ತುಂಡನ್ನು ಯಂತ್ರದಲ್ಲಿ ಒತ್ತಿ ಕಾಂಕ್ರೀಟಿನ ನಿಜವಾದ ಬಲವನ್ನು ಅಳೆಯುತ್ತಾರೆ. ಹೊಸದಾಗಿ ಒಡೆದ ಭಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದಾಗ ಗುಲಾಬಿ ಬಣ್ಣ ಬಂದರೆ ಅಲ್ಲಿ ಕ್ಷಾರಗುಣ ಉಳಿದಿದೆಯೆಂದು ಅರ್ಥ. ಬಣ್ಣ ಬಾರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡು ಅಷ್ಟು ಆಳಕ್ಕೆ ಇಳಿದಿದೆಯೆಂದು ತಿಳಿಯಬೇಕು. ಆ ಆಳ ಉಕ್ಕನ್ನು ಮುಟ್ಟಿದರೆ, ತೇವವೂ ಸೇರಿ ತುಕ್ಕು ಹಿಡಿಯುತ್ತದೆ.

ಇಂದಿನ ಸಂಹಿತೆಗೆ ಹೊಂದದ ಮಾತ್ರಕ್ಕೆ ಹಳೆಯ ಕಂಬವನ್ನು ಕೆಡವಬೇಕಾಗಿಲ್ಲ. ಇರುವ ಕಟ್ಟಡಗಳನ್ನು ಅಳೆದು ಬಲಪಡಿಸುವ ಕ್ರಮವನ್ನು ತಿಳಿಸುವ ಮಾರ್ಗದರ್ಶಿಯೂ ಭಾರತದಲ್ಲಿ 2013ರಲ್ಲಿ ಬಂದಿತು. ದುರ್ಬಲ ಕಂಬಕ್ಕೆ ಹೊಸ ಸರಳು ಕಟ್ಟಿ, ಕಾಂಕ್ರೀಟಿನ ಕವಚ ತೊಡಿಸಬಹುದು; ಉಕ್ಕಿನ ಪಟ್ಟಿ ಬಿಗಿಯಬಹುದು. ಹಿಂದಿನವರು ತಮ್ಮ ಕಾಲದ ಅರಿವಿಗೆ ತಕ್ಕಂತೆ ಕಟ್ಟಿದರು. ಹೆಚ್ಚಿನ ಅರಿವು ದೊರೆತ ಮೇಲೆ ಆ ಕಂಬಗಳನ್ನು ಪರೀಕ್ಷಿಸಿ, ಅವುಗಳ ಆಸರೆಯಲ್ಲಿ ಬಾಳುವ ಜೀವಗಳನ್ನು ಕಾಯುವುದು ಇಂದಿನವರ ಹೊಣೆ.