ಬೇ, ಆ, ಗೇ, ಊ, ಎರ್: ಜರ್ಮನ್ ಎ1 ತಯಾರಿ

ಎಂ.ಎಸ್. ಮಾಡೋಕೆ ಜರ್ಮನಿಗೆ ಹೋಗಬೇಕು ಅಂತ ನಾವು ಮೂವರು ಹಾಸ್ಟೆಲ್ ರೂಮಲ್ಲೇ ಎ1 ಓದೋಕೆ ಕೂತಿದ್ದೀವಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಸೇರಿ 100ಕ್ಕೆ 60 ಬಂದರೆ ಪಾಸು. ಮನೆಯವರು ಕಷ್ಟಪಟ್ಟು ಕಟ್ಟಿದ ಫೀಸು, ದಂಡವಾಗಬಾರದು.

ಬರವಣಿಗೆ ಹೇಗೋ ಆಗುತ್ತೆ: ಒಂದು ಫಾರಂ, ಸುಮಾರು 30 ಪದದ ಪತ್ರ. ನಾವು ಎಡವಿದ್ದು ಅಕ್ಷರಗಳಲ್ಲಿ. ಮಾತಿನ ಭಾಗದಲ್ಲಿ ಹೆಸರನ್ನೋ ಊರನ್ನೋ ಸ್ಪೆಲ್ ಮಾಡಿ ಅಂತಾರೆ. ನಮ್ಮಲ್ಲೊಬ್ಬ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನವನು. ಇಂಗ್ಲಿಷ್ ರೂಢಿಯಲ್ಲಿ ‘ಬಿ, ಏ...’ ಅಂದ. ಜರ್ಮನ್ನರಿಗೆ ‘ಏ’ ಅಂದರೆ ಇಂಗ್ಲಿಷಿನ ‘ಇ’ ಅಕ್ಷರ, ‘ಈ’ ಅಂದರೆ ‘ಐ’! ಬಾಗೂರು ಅಲ್ಲೇ ಬೇಗೂರಾಯ್ತು. ಈಗ ದಿನಾ ಬೇ, ಆ, ಗೇ, ಊ, ಎರ್.

ಅಂಕಿಗಳೂ ಹಾಗೇ. 35ನ್ನು ‘ಐದು-ಮತ್ತು-ಮೂವತ್ತು’ ಅಂತಾರೆ. ಆಡಿಯೋದಲ್ಲಿ ಕೇಳಿ 53 ಬರೆದಿರ್ತೀವಿ. ಅದಕ್ಕೇ ಬಸ್‌ಸ್ಟ್ಯಾಂಡಲ್ಲಿ ನಂಬರ್ ಪ್ಲೇಟುಗಳನ್ನೆಲ್ಲ ಜರ್ಮನ್‌ನಲ್ಲಿ ಓದ್ತೀವಿ, ಜನ ನೋಡಿದರೆ ನೋಡಲಿ.

ಕನ್ನಡ ಕೈಹಿಡಿಯೋದೂ ಉಂಟು. ‘ಇಶ್ ಮೋಶ್ಟೆ ಕಾಫೆ ಟ್ರಿಂಕನ್’ ಅನ್ನೋದರಲ್ಲಿ ‘ಕುಡಿ’ ಅನ್ನೋ ಪದ ನಮ್ಮ ಹಾಗೇ ಕೊನೆಗೆ. ‘ಡು’, ‘ಝೀ’ ನಮ್ಮ ನೀನು, ನೀವು ಇದ್ದ ಹಾಗೆ. ಪರೀಕ್ಷಕರಿಗೆ ಮಾತ್ರ ಮರೆತೂ ‘ಡು’ ಅನ್ನಬೇಡಿ. ಮಾದರಿ ಪತ್ರಿಕೆ, ಆಡಿಯೋ ಗೊಯೆಥೆ ಸಂಸ್ಥೆಯ ಜಾಲತಾಣದಲ್ಲಿ ಉಚಿತ. ನಮ್ಮ ರೂಮಿಗೆ ಬಂದರೆ ಪ್ರಿಂಟೂ ಇದೆ.