ಅರ್ಧಚ್ಛೇದವೂ ಪಾಠಶೋಧನೆಯೂ: ಪರ್ಯಾಪ್ತ ಮನುಷ್ಯರಾಶಿಯ ಇಪ್ಪತ್ತೊಂಬತ್ತು ಅಂಕಗಳು

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯಲ್ಲಿ ಅರ್ಧಚ್ಛೇದ, ವರ್ಗಶಲಾಕೆ ಮೊದಲಾದ ಗಣಿತ ಪರಿಭಾಷೆಗಳು ಹೇರಳವಾಗಿ ಬಳಕೆಯಾಗಿವೆಯೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕ್ರಿ.ಶ. ೮೧೬ರಲ್ಲಿ ಮುಗಿಯಿತೆಂದು ಹೀರಾಲಾಲ್ ಜೈನರು ನಿರ್ಣಯಿಸಿದ ಈ ಟೀಕೆ ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ರಕ್ಷಿತವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಪ್ರತಿಲಿಪಿಕಾರ್ಯ ಆರಂಭವಾಗಿ, ೧೯೩೯ರಲ್ಲಿ ಮೊದಲ ಸಂಪುಟ ಅಮರಾವತಿಯಿಂದ ಮುದ್ರಿತವಾಯಿತು. ೧೯೪೨ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಹರು ಬರೆದ ಪ್ರಬಂಧದಲ್ಲಿ, ಇಂದು ಲಾಗರಿದಮ್ ಎಂದು ಪ್ರಸಿದ್ಧವಾದ ಲಘುಗಣಕವೇ ಅರ್ಧಚ್ಛೇದವೆಂದು ತೋರಿಸಲಾಯಿತು. ಇದೇ ಪರಿಭಾಷೆ ಹಸ್ತಪ್ರತಿಗಳ ಪಾಠನಿರ್ಣಯಕ್ಕೂ ನೇರವಾಗಿ ಒದಗಿಬರುತ್ತದೆಂಬುದನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪರಿಭಾಷೆ

ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದ. ಎಂಟನ್ನು ಅರ್ಧಿಸಿದರೆ ನಾಲ್ಕು, ನಾಲ್ಕನ್ನು ಅರ್ಧಿಸಿದರೆ ಎರಡು, ಎರಡನ್ನು ಅರ್ಧಿಸಿದರೆ ಒಂದು. ಆದುದರಿಂದ ಎಂಟರ ಅರ್ಧಚ್ಛೇದ ಮೂರು. ಅರ್ಧಚ್ಛೇದದ ಅರ್ಧಚ್ಛೇದವೇ ವರ್ಗಶಲಾಕೆ. ಮೂರರಿಂದಲೂ ನಾಲ್ಕರಿಂದಲೂ ಭಾಗಿಸುತ್ತ ಹೋದರೆ ದೊರೆಯುವವು ಕ್ರಮವಾಗಿ ತ್ರಿಕಚ್ಛೇದ, ಚತುರ್ಥಚ್ಛೇದ.

ಇವುಗಳ ನಿಯಮಗಳು ಧವಲಾದಲ್ಲಿಯೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ಬಂದಿವೆ. ಗುಣ್ಯ ಮತ್ತು ಗುಣಕಗಳ ಅರ್ಧಚ್ಛೇದಗಳನ್ನು ಕೂಡಿದರೆ ಗುಣಿತರಾಶಿಯ ಅರ್ಧಚ್ಛೇದ; ಭಾಜ್ಯದ ಅರ್ಧಚ್ಛೇದದಲ್ಲಿ ಭಾಜಕದ ಅರ್ಧಚ್ಛೇದವನ್ನು ಕಳೆದರೆ ಲಬ್ಧದ ಅರ್ಧಚ್ಛೇದ. ದೇಯರಾಶಿಯ ಅರ್ಧಚ್ಛೇದವನ್ನು ವಿರಲನರಾಶಿಯಿಂದ ಗುಣಿಸಿದರೆ ಉತ್ಪನ್ನರಾಶಿಯ ಅರ್ಧಚ್ಛೇದ ಲಭಿಸುತ್ತದೆ. ನಾಲ್ಕನ್ನು ವಿರಲನ ಮಾಡಿ, ಪ್ರತಿಯೊಂದು ರೂಪದ ಮೇಲೆಯೂ ನಾಲ್ಕನ್ನೇ ಇಟ್ಟು ಪರಸ್ಪರ ಗುಣಿಸಿದರೆ ೨೫೬ ಆಗುತ್ತದೆ. ನಾಲ್ಕರ ಅರ್ಧಚ್ಛೇದ ಎರಡಾದುದರಿಂದ ೨೫೬ರ ಅರ್ಧಚ್ಛೇದ ಎಂಟು.

ವರ್ಗಿತ-ಸಂವರ್ಗಿತದ ವಿಚಾರದಲ್ಲಿ ಈ ನಿಯಮಗಳ ಬಲ ಪ್ರಕಟವಾಗುತ್ತದೆ. ಎರಡರ ಮೊದಲನೆಯ ವರ್ಗಿತ-ಸಂವರ್ಗಿತ ೪, ಎರಡನೆಯದು ೨೫೬. ಮೂರನೆಯದಾದರೋ ೨೫೬ನ್ನು ೨೫೬ ಸಲ ಇಟ್ಟು ಗುಣಿಸಿದ ರಾಶಿ. ಅದನ್ನು ಬರೆಯಲು ೬೧೭ ಅಂಕಸ್ಥಾನಗಳು ಬೇಕು. ಆದರೆ ಅದರ ಅರ್ಧಚ್ಛೇದ ೨೫೬ನ್ನು ಎಂಟರಿಂದ ಗುಣಿಸಿದ ೨೦೪೮ ಮಾತ್ರ. ವರ್ಗಶಲಾಕೆ ಕೇವಲ ೧೧. ಓಲೆಯ ಮೇಲೆ ಬರೆಯಲಾಗದ ರಾಶಿಯನ್ನೂ ಈ ಎರಡು ಸಣ್ಣ ಸಂಖ್ಯೆಗಳಿಂದ ನಿಸ್ಸಂದಿಗ್ಧವಾಗಿ ಹೇಳಬಹುದು.

೨. ದ್ವಿರೂಪವರ್ಗಧಾರೆ

ಎರಡರ ವರ್ಗದಿಂದ ಆರಂಭಿಸಿ ಉತ್ತರೋತ್ತರ ವರ್ಗಿಸುತ್ತ ಹೋದರೆ ದ್ವಿರೂಪವರ್ಗಧಾರೆ ದೊರೆಯುತ್ತದೆ: ೪, ೧೬, ೨೫೬, ೬೫೫೩೬, ೪೨೯೪೯೬೭೨೯೬, ೧೮೪೪೬೭೪೪೦೭೩೭೦೯೫೫೧೬೧೬. ಇವುಗಳಲ್ಲಿ ನಾಲ್ಕನೆಯದು ಪಣ್ಣಟ್ಠಿ, ಐದನೆಯದು ಬಾದಾಲ, ಆರನೆಯದು ಏಕಟ್ಠಿ ಎಂದು ಪ್ರಸಿದ್ಧ. ಇವುಗಳ ಅರ್ಧಚ್ಛೇದಗಳು ಕ್ರಮವಾಗಿ ೨, ೪, ೮, ೧೬, ೩೨, ೬೪. ವರ್ಗಶಲಾಕೆಗಳು ೧ರಿಂದ ೬. ಅಂದರೆ ಧಾರೆಯಲ್ಲಿ ಒಂದು ರಾಶಿ ಎಷ್ಟನೆಯ ಸ್ಥಾನದಲ್ಲಿದೆಯೆಂಬುದನ್ನು ಅದರ ವರ್ಗಶಲಾಕೆಯೇ ತಿಳಿಸುತ್ತದೆ.

೩. ಮನುಷ್ಯರಾಶಿಯ ನಿರೂಪಣೆ

ಗೊಮ್ಮಟಸಾರದ ಜೀವಕಾಂಡದಲ್ಲಿ, ಗತಿಮಾರ್ಗಣೆಯ ಪ್ರಕರಣದಲ್ಲಿ, ಪರ್ಯಾಪ್ತ ಮನುಷ್ಯರ ಪ್ರಮಾಣ ಐದನೆಯ ವರ್ಗದ ಘನಕ್ಕೆ, ಎಂದರೆ ಬಾದಾಲದ ಘನಕ್ಕೆ, ಸಮವೆಂದು ಹೇಳಿದೆ. ಬಾದಾಲ ಮತ್ತು ಏಕಟ್ಠಿಗಳ ಗುಣಿತವೂ ಇದೇ. ಮೂವತ್ತೆರಡರ ಮೂರರಷ್ಟಾದರೂ, ೩೨ ಮತ್ತು ೬೪ರ ಮೊತ್ತವಾದರೂ, ಅರ್ಧಚ್ಛೇದ ೯೬ ಆಗುತ್ತದೆ. ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರವೂ ಮನುಷ್ಯರ ಸಂಖ್ಯೆಯನ್ನು ಹೇಳುವಾಗ ತೊಂಬತ್ತಾರು ಛೇದಗಳನ್ನು ಕೊಡುವ ರಾಶಿಯೆಂದೇ ನಿರ್ದೇಶಿಸುತ್ತದೆ. ಉಭಯ ಪರಂಪರೆಗಳೂ ಇಲ್ಲಿ ಒಂದೇ ಸಂಖ್ಯೆಯಲ್ಲಿ ಕೂಡುವುದು ಗಮನಾರ್ಹ.

ಈ ರಾಶಿಯನ್ನು ಅಂಕಗಳಲ್ಲಿ ಬರೆದರೆ ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬ ಎಂದಾಗುತ್ತದೆ. ಒಟ್ಟು ಇಪ್ಪತ್ತೊಂಬತ್ತು ಸ್ಥಾನಗಳು. ಜೀವಕಾಂಡ ಮರುಗಾಥೆಯಲ್ಲಿಯೇ ಇದನ್ನು ಕಟಪಯ ಕ್ರಮದಂತೆ ಇಪ್ಪತ್ತೊಂಬತ್ತು ಅಕ್ಷರಗಳಲ್ಲಿ ಕೊಡುತ್ತದೆ. ಕಕಾರ, ಟಕಾರ, ಪಕಾರ, ಯಕಾರಗಳಿಂದ ಎಣಿಕೆ ಮೊದಲಾಗುತ್ತದೆ, ನಕಾರಕ್ಕೆ ಸೊನ್ನೆ, ಸ್ವರದ ಹ್ರಸ್ವದೀರ್ಘಗಳಿಗೂ ಅನುಸ್ವಾರಕ್ಕೂ ಬೆಲೆಯಿಲ್ಲ. ಅಂಕಗಳು ಏಕಸ್ಥಾನದಿಂದ ಎಡಕ್ಕೆ ನಡೆಯುತ್ತವೆ. ಗಾಥೆಯ ಮೊದಲ ಅಕ್ಷರವಾದ ತಕಾರ ಏಕಸ್ಥಾನದ ಆರು. ಕೊನೆಯ ಸಕಾರ ಇಪ್ಪತ್ತೊಂಬತ್ತನೆಯ ಸ್ಥಾನದ ಏಳು.

೪. ಲಿಪಿದೋಷದ ಪರೀಕ್ಷೆ

ಇಂತಹ ಗಾಥೆಗಳು ಕನ್ನಡ ಲಿಪಿಯ ಓಲೆಗಳಲ್ಲಿ ಹಾದುಬರುವಾಗ ಯಾವ ಅಪಾಯಕ್ಕೆ ಗುರಿಯಾಗುತ್ತವೆಂಬುದು ಪ್ರತಿ ಓದಿದವರಿಗೆಲ್ಲ ಅನುಭವವೇದ್ಯ. ದಕಾರ ಧಕಾರಗಳ ಭೇದ ಒಂದು ಸಣ್ಣ ಸೀಳಿನಲ್ಲಿದೆ; ವಕಾರ ಮಕಾರಗಳ ಭೇದ ಒಂದು ಕೊಂಬಿನಲ್ಲಿದೆ. ಕಂಠದ ಮೊನೆ ಜಾರಿದರೆ, ಅಥವಾ ಓಲೆಯ ಮಸಿ ಅಳಿದರೆ, ಒಂದು ಇನ್ನೊಂದಾಗುತ್ತದೆ. ಸಾಮಾನ್ಯ ಪದ್ಯದಲ್ಲಿ ಅರ್ಥದ ಸಹಾಯದಿಂದ ಇದನ್ನು ತಿದ್ದಬಹುದು. ಸಂಖ್ಯಾಗಾಥೆಯಲ್ಲಿ ಆ ಸಹಾಯ ಅಲ್ಪ. ದಕಾರಕ್ಕೆ ಎಂಟು, ಧಕಾರಕ್ಕೆ ಒಂಬತ್ತು. ವಕಾರಕ್ಕೆ ನಾಲ್ಕು, ಮಕಾರಕ್ಕೆ ಐದು. ಅಕ್ಷರ ಕೆಟ್ಟರೆ ಸಂಖ್ಯೆಯೂ ಕೆಟ್ಟಿತು.

ಗಾಥೆಯ ಆರನೆಯ ಅಕ್ಷರವಾದ ‘ಧು’ ಎಂಬುದು ಒಂದು ಪ್ರತಿಯಲ್ಲಿ ‘ದು’ ಎಂದಾಗಿದೆಯೆಂದು ಭಾವಿಸೋಣ. ಆಗ ಲಕ್ಷಸ್ಥಾನದ ಒಂಬತ್ತು ಎಂಟಾಗಿ, ರಾಶಿಯ ಕೊನೆಯ ಆರು ಅಂಕಗಳು ೯೫೦೩೩೬ಕ್ಕೆ ಬದಲಾಗಿ ೮೫೦೩೩೬ ಎಂದಾಗುತ್ತವೆ. ಈ ಆರು ಅಂಕಗಳನ್ನು ಅರ್ಧಿಸುತ್ತ ಹೋದರೆ ೪೨೫೧೬೮, ೨೧೨೫೮೪, ೧೦೬೨೯೨, ೫೩೧೪೬, ೨೬೫೭೩ ಎಂದು ಬಂದು ಐದನೆಯ ಸಲಕ್ಕೆ ವಿಷಮಸಂಖ್ಯೆ ಎದುರಾಗುತ್ತದೆ. ಲಕ್ಷದ ಮೇಲಿನ ಸ್ಥಾನಗಳ ಭಾಗ ಐದು ಸಲ ಅರ್ಧಿಸಿದ ಮೇಲೆಯೂ ಸಮವಾಗಿಯೇ ಉಳಿಯುವುದರಿಂದ ಅದು ಈ ಫಲವನ್ನು ಬದಲಿಸಲಾರದು. ತೊಂಬತ್ತಾರು ಸಲ ಅರ್ಧಿಸಬೇಕಾದ ರಾಶಿ ಐದೇ ಸಲಕ್ಕೆ ನಿಂತಿತು. ಪಾಠ ಅಶುದ್ಧವೆಂಬುದು ಸಿದ್ಧವಾಯಿತು.

ಇಷ್ಟೇ ಅಲ್ಲ, ದೋಷದ ಸ್ಥಾನವೂ ತಿಳಿಯಿತು. ಐದು ಸಲ ಅರ್ಧಿಸಿದ ಮೇಲೆ ನಿಂತರೆ ದೋಷ ಆರನೆಯ ಅಕ್ಷರದಲ್ಲಿದೆ. ಐದನೆಯ ಅಕ್ಷರವಾದ ಮಕಾರ ವಕಾರವಾಗಿದ್ದರೆ ನಾಲ್ಕೇ ಸಲಕ್ಕೆ ನಿಲ್ಲುತ್ತಿತ್ತು. ಕಾರಣ ಸರಳ. ಹತ್ತರಲ್ಲಿ ಎರಡು ಒಂದೇ ಸಲ ಅಡಗಿದೆ. ಆದುದರಿಂದ ಒಂದೊಂದು ಸ್ಥಾನ ಮೇಲೇರಿದಂತೆ ಅರ್ಧಿಸುವ ಸಲವೂ ಒಂದೊಂದು ಹೆಚ್ಚುತ್ತದೆ. ತಪ್ಪಾದ ಅಂಕಕ್ಕೂ ಶುದ್ಧ ಅಂಕಕ್ಕೂ ಇರುವ ಅಂತರ ವಿಷಮವಾಗಿದ್ದರೆ ಈ ಗಣನೆ ನೇರವಾಗಿ ಹೊಂದುತ್ತದೆ. ಮೇಲೆ ಹೇಳಿದ ಎರಡು ಅಕ್ಷರಯುಗ್ಮಗಳಲ್ಲಿಯೂ ಅಂತರ ಒಂದೇ. ಅಂತರ ಸಮವಾಗಿದ್ದರೆ ಎರಡಕ್ಕೆ ಒಂದು, ನಾಲ್ಕಕ್ಕೆ ಎರಡು, ಎಂಟಕ್ಕೆ ಮೂರು ಛೇದಗಳು ಹೆಚ್ಚಾಗುತ್ತವೆ. ದೋಷ ಒಂದೇ ಅಕ್ಷರದಲ್ಲಿದ್ದರೆ, ಅದು ಎಲ್ಲಿದ್ದರೂ ಮೂವತ್ತೊಂದಕ್ಕಿಂತ ಹೆಚ್ಚು ಸಲ ಅರ್ಧಿಸಲು ಆಗದು. ದೋಷಗಳು ಹಲವಿದ್ದರೂ ಪರೀಕ್ಷೆ ವ್ಯರ್ಥವಲ್ಲ. ತೊಂಬತ್ತಾರು ಸಲ ನಿಶ್ಶೇಷವಾಗಿ ಅರ್ಧಿಸಬಲ್ಲ ಇಪ್ಪತ್ತೊಂಬತ್ತು ಸ್ಥಾನಗಳ ರಾಶಿ ಒಂದೇ ಒಂದು. ಅದರ ಇಮ್ಮಡಿಗೆ ಮೂವತ್ತು ಸ್ಥಾನಗಳು ಬೇಕು.

೫. ಪರೀಕ್ಷೆಯ ಮಿತಿ

ಈ ವಿಧಾನ ಸಂಖ್ಯೆಯನ್ನು ಶೋಧಿಸುತ್ತದೆಯೇ ಹೊರತು ಗಾಥೆಯ ಸಮಸ್ತ ಪಾಠವನ್ನಲ್ಲ. ಗ, ಡ, ಬ, ಲ ಈ ನಾಲ್ಕಕ್ಕೂ ಬೆಲೆ ಮೂರು. ಒಂದರ ಸ್ಥಾನದಲ್ಲಿ ಇನ್ನೊಂದು ಬಂದರೆ ಅರ್ಧಚ್ಛೇದ ಅದನ್ನು ಹಿಡಿಯಲಾರದು. ಭಕಾರ ವಕಾರಗಳ ವಿಷಯವೂ ಹೀಗೆಯೇ. ಹ್ರಸ್ವದೀರ್ಘಗಳ ನಿರ್ಣಯವನ್ನು ಛಂದಸ್ಸಿಗೂ ಪ್ರತ್ಯಂತರಗಳಿಗೂ ವ್ಯಾಖ್ಯಾನಗಳಿಗೂ ಬಿಡಬೇಕು. ಕ್ರಿ.ಶ. ೧೩೫೯ರಲ್ಲಿ ಕೇಶವವರ್ಣಿಯು ಗೊಮ್ಮಟಸಾರಕ್ಕೆ ಬರೆದ ಕರ್ಣಾಟಕವೃತ್ತಿಯ ಮಹತ್ತ್ವ ಇಲ್ಲಿದೆ. ಅದು ೧೯೭೮ರಿಂದ ಭಾರತೀಯ ಜ್ಞಾನಪೀಠದ ಮೂಲಕ ಪ್ರಕಟವಾದುದರಿಂದ ಕನ್ನಡ ವ್ಯಾಖ್ಯಾನಪರಂಪರೆಯ ಪಾಠ ಸಂಪಾದಕರಿಗೆ ಸುಲಭವಾಗಿ ದೊರೆಯುವಂತಾಗಿದೆ.

೬. ಲಘುಗಣಕದೊಡನೆ ತುಲನೆ

ಅರ್ಧಚ್ಛೇದವನ್ನು ಲಘುಗಣಕವೆನ್ನುವಾಗಲೂ ಒಂದು ವಿವೇಚನೆ ಅವಶ್ಯ. ಇಪ್ಪತ್ತನಾಲ್ಕನ್ನು ಮೂರು ಸಲ ಅರ್ಧಿಸಿದರೆ ಮೂರು ಉಳಿದು ಛೇದ ನಿಲ್ಲುತ್ತದೆ. ಆದರೆ ಎರಡನ್ನು ಆಧಾರವಾಗಿಟ್ಟ ಲಘುಗಣಕದಂತೆ ಇಪ್ಪತ್ತನಾಲ್ಕರ ಬೆಲೆ ನಾಲ್ಕೂವರೆಗಿಂತ ತುಸು ಹೆಚ್ಚು. ಎರಡನ್ನೇ ಮತ್ತೆ ಮತ್ತೆ ಗುಣಿಸಿ ಪಡೆದ ರಾಶಿಗಳಲ್ಲಿ ಮಾತ್ರ ಎರಡೂ ಒಂದಾಗುತ್ತವೆ. ಮೇಲಿನ ಪಾಠಪರೀಕ್ಷೆ ಫಲಿಸುವುದು ನಿಶ್ಶೇಷವಾಗಿ ಅರ್ಧಿಸುವುದೆಂಬ ಮೂಲಾರ್ಥದಿಂದಲೇ. ಕೆಟ್ಟ ರಾಶಿಯ ಲಘುಗಣಕ ೯೬ಕ್ಕೆ ಅತಿ ಸಮೀಪದಲ್ಲಿಯೇ ಇದ್ದು ದೋಷವನ್ನು ಮರೆಮಾಡುತ್ತದೆ.

೧೬೧೪ರಲ್ಲಿ ನೇಪಿಯರ್ ಪ್ರಕಟಿಸಿದ, ಬ್ರಿಗ್ಸ್ ಹತ್ತನ್ನು ಆಧಾರವಾಗಿಟ್ಟು ೧೬೨೪ರಲ್ಲಿ ವಿಸ್ತರಿಸಿದ ಕೋಷ್ಟಕಗಳ ಪ್ರಯೋಜನ ಗುಣಾಕಾರ ಭಾಗಾಕಾರಗಳ ಶ್ರಮವನ್ನು ತಗ್ಗಿಸುವುದು. ಜೈನಾಚಾರ್ಯರ ಉದ್ದೇಶ ಕೋಷ್ಟಕವಲ್ಲ, ರಾಶಿಗಳ ಪರಿಮಾಣವನ್ನೂ ಕ್ರಮವನ್ನೂ ಹೇಳುವುದು. ಈ ದೃಷ್ಟಿಯಿಂದ ಅರ್ಧಚ್ಛೇದಕ್ಕೆ ಹೆಚ್ಚು ಸಮೀಪವಾದುದು ಆಧುನಿಕ ಭೌತವಿಜ್ಞಾನದ ಪ್ರಯೋಗ. ಅಣುಸಮೂಹವೊಂದು ತಳೆಯಬಲ್ಲ ಸ್ಥಿತಿಗಳ ಸಂಖ್ಯೆ ಊಹೆಗೆ ಮೀರಿದುದು. ೧೮೭೭ರಲ್ಲಿ ಬೋಲ್ಟ್ಸ್‌ಮನ್ ಎಂಟ್ರೊಪಿಯನ್ನು ಆ ಸಂಖ್ಯೆಯ ಲಘುಗಣಕದೊಡನೆ ಸಂಬಂಧಿಸಿದನು. ಎರಡು ಸಮೂಹಗಳು ಸೇರಿದಾಗ ಸ್ಥಿತಿಗಳ ಸಂಖ್ಯೆಗಳು ಗುಣಿತವಾಗುತ್ತವೆ, ಎಂಟ್ರೊಪಿಗಳು ಕೂಡುತ್ತವೆ. ೧೯೪೮ರಲ್ಲಿ ಶಾನನ್ ಮಾಹಿತಿಯ ಪ್ರಮಾಣವನ್ನು ಎರಡರ ಆಧಾರದ ಲಘುಗಣಕದಿಂದ ಅಳೆದನು. ಇವರಿಗೂ ಧವಲಾಕಾರರಿಗೂ ಪರಂಪರೆಯ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಅಪಾರ ರಾಶಿಯೆದುರು ನಿಂತ ಬುದ್ಧಿ ಎರಡೂ ಕಡೆ ಒಂದೇ ಉಪಾಯವನ್ನು ಕಂಡಿತೆಂದರೆ ಸಾಕು.

೭. ಸಂಪಾದಕರಿಗೆ ಸೂಚನೆ

ಕರಣಾನುಯೋಗ ಗ್ರಂಥಗಳನ್ನು ಸಂಪಾದಿಸುವಾಗ ವರ್ಗಧಾರೆಗೆ ಸೇರಿದ ಪ್ರತಿಯೊಂದು ರಾಶಿಯನ್ನೂ ಮೊದಲು ಅದರ ಅರ್ಧಚ್ಛೇದದಿಂದ ಪರೀಕ್ಷಿಸಿ, ಅನಂತರವೇ ಪಾಠಾಂತರಗಳನ್ನು ತೂಗುವುದು ಉಚಿತ. ಪ್ರತಿಗಳ ಬಹುಮತದಿಂದ ಸಂಖ್ಯೆ ಶುದ್ಧವಾಗದು. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದೇ ತಪ್ಪನ್ನು ಹೇಳಬಲ್ಲವು. ತೊಂಬತ್ತಾರು ಎಂಬ ಸಾಕ್ಷಿ ಅವುಗಳಿಗೆ ಅಧೀನವಲ್ಲ. ಹಾಗೆಯೇ, ಗಣಿತದಿಂದ ಸಿದ್ಧವಾದ ಅಂಕವನ್ನು ಮೂಲದಲ್ಲಿ ಮೌನವಾಗಿ ಸೇರಿಸದೆ, ಓಲೆಯಲ್ಲಿರುವ ಅಕ್ಷರವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು. ಆ ಅಶುದ್ಧ ಅಕ್ಷರವೇ ಪ್ರತಿಗಳ ವಂಶವನ್ನು ತಿಳಿಯಲು ಮುಂದೆ ಆಧಾರವಾದೀತು.