ಮೂಸಿ ಹೇಳುವ ನಾಯಿ, ಪಕ್ಕದಲ್ಲಿ ಕೂರುವ ಅಜ್ಜಿ

ಬಂಡೀಪುರದ ಅರಣ್ಯ ಇಲಾಖೆಯವರ ಬಳಿ ರಾಣಾ ಎಂಬ ಜರ್ಮನ್ ಶೆಫರ್ಡ್ ನಾಯಿಯಿತ್ತು. ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಮಕ್ಕಳು ಪತ್ರಿಕೆಯಲ್ಲಿ ಅದರ ಫೋಟೋ ನೋಡಿರಬಹುದು. ಕಳ್ಳಬೇಟೆಯವರು ನಡೆದುಹೋದ ಜಾಗವನ್ನು ಮೂಸಿ ಜಾಡು ಹಿಡಿಯುವುದು ಅದರ ಕೆಲಸ. ಹುಲಿಯ ಜಾಡು ಹುಡುಕುವುದಕ್ಕೂ ಅದನ್ನು ಕರೆದೊಯ್ಯುತ್ತಿದ್ದರು. ನಮ್ಮ ಕಣ್ಣಿಗೆ ಕಾಣುವುದು ಬರೀ ಮಣ್ಣು, ಒಣಗಿದ ಎಲೆ. ಅದರ ಮೂಗಿಗೆ ಅಲ್ಲಿ ಯಾರು ಬಂದರು, ಎತ್ತ ಹೋದರು ಎಂಬುದೆಲ್ಲ ಬರೆದಿಟ್ಟ ಹಾಗೆ.

ಕಳ್ಳನ ವಾಸನೆ, ಹುಲಿಯ ವಾಸನೆ ಸರಿ. ಕಾಯಿಲೆಗೂ ವಾಸನೆ ಇರುತ್ತದೆಯೇ? ಫಿಟ್ಸ್‌ಗೆ ಇದೆ ಎಂದು ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು.

ಫಿಟ್ಸ್ ಎಂದರೆ ನಮ್ಮ ಹಿರಿಯರು ಮಲರೋಗ, ಮೂರ್ಛೆರೋಗ ಎನ್ನುತ್ತಿದ್ದುದೇ. ಪುಸ್ತಕದ ಭಾಷೆಯಲ್ಲಿ ಅಪಸ್ಮಾರ. ಮಕ್ಕಳೇ, ನಮ್ಮ ಮೆದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವುದು ಬಹಳ ಸಣ್ಣ ವಿದ್ಯುತ್ತಿನಿಂದ. ನಮ್ಮೂರಲ್ಲಿ ಒಮ್ಮೊಮ್ಮೆ ಕರೆಂಟು ದಿಢೀರನೆ ಏರಿ ಮನೆಯ ಬಲ್ಬುಗಳೆಲ್ಲ ಒಟ್ಟಿಗೆ ಧಗ್ಗನೆ ಉರಿಯುತ್ತವಲ್ಲ, ಹಾಗೆ ಮೆದುಳಿನ ಕೋಶಗಳು ಒಮ್ಮೆಲೇ ಸಿಡಿದರೆ ಕೈಕಾಲು ಸೆಟೆದು ಅದುರುತ್ತವೆ, ಪ್ರಜ್ಞೆ ತಪ್ಪುತ್ತದೆ. ಎಲ್ಲರೂ ಬೀಳುವುದೇ ಇಲ್ಲ. ಕೆಲವು ಮಕ್ಕಳು ಪಾಠದ ನಡುವೆ ಹತ್ತಿಪ್ಪತ್ತು ಸೆಕೆಂಡು ಕಣ್ಣು ನೆಟ್ಟು ಸುಮ್ಮನಾಗಿಬಿಡುತ್ತಾರೆ. ಮೇಷ್ಟ್ರು ಗಮನವಿಲ್ಲ ಎಂದು ಗದರುತ್ತಾರೆ. ಅದೂ ಫಿಟ್ಸ್ ಆಗಿರಬಹುದು.

ರೆನ್ ನಗರದವರು ಮಾಡಿದ್ದು ಇಷ್ಟು. ಫಿಟ್ಸ್ ಬಂದಾಗ ರೋಗಿಯ ಬೆವರು ಮತ್ತು ಉಸಿರಿನ ಮಾದರಿ ಹಿಡಿದಿಟ್ಟರು. ಅದೇ ವ್ಯಕ್ತಿ ಆರಾಮವಾಗಿದ್ದಾಗಿನದು, ವ್ಯಾಯಾಮ ಮಾಡಿ ಬೆವೆತಾಗಿನದು ಬೇರೆ ಬೇರೆ ತೆಗೆದರು. ಎಲ್ಲವನ್ನೂ ಡಬ್ಬಿಗಳಲ್ಲಿಟ್ಟು ತರಬೇತಾದ ಐದು ನಾಯಿಗಳನ್ನು ಬಿಟ್ಟರು. ಮೂರು ನಾಯಿಗಳು ಒಂದು ಸಲವೂ ತಪ್ಪದೆ ಫಿಟ್ಸ್‌ನ ಡಬ್ಬಿಯ ಮುಂದೆಯೇ ನಿಂತವು. ಉಳಿದೆರಡು ಮೂರರಲ್ಲಿ ಎರಡು ಸಲ ಸರಿ ಹೇಳಿದವು. ಬೆವರು ಕೊಟ್ಟ ರೋಗಿಗಳನ್ನು ಆ ನಾಯಿಗಳು ಕಂಡೇ ಇರಲಿಲ್ಲ. ಎರಡು ವರ್ಷದ ನಂತರ ಬೆಲ್‌ಫಾಸ್ಟಿನ ವಿಶ್ವವಿದ್ಯಾಲಯದಲ್ಲಿ 19 ಸಾಕುನಾಯಿಗಳ ಮೇಲೆ ಪ್ರಯೋಗ ನಡೆಯಿತು. ತರಬೇತಿಯಿಲ್ಲದ ಮನೆಯ ನಾಯಿಗಳು. ಆ ವಾಸನೆ ಬಂದೊಡನೆ ಅವುಗಳ ನಡವಳಿಕೆಯೂ ಬದಲಾಯಿತು.

ನಮ್ಮ ಕಡೆ ಫಿಟ್ಸ್ ಬಂದವರಿಗೆ ಚಪ್ಪಲಿ ಮೂಸಿಸುತ್ತಾರೆ. ಮೂಸಬೇಕಾದವರು ಯಾರು ಎಂಬುದೇ ಅದಲುಬದಲಾಗಿದೆ ನೋಡಿ!

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 'ಸಪೋರ್ಟ್ ಡಾಗ್ಸ್' ಎಂಬ ಸಂಸ್ಥೆ 1990ರ ದಶಕದಿಂದಲೇ ಇಂಥ ನಾಯಿಗಳನ್ನು ತಯಾರು ಮಾಡುತ್ತಿದೆ. ಫಿಟ್ಸ್ ಬರುವ 15ರಿಂದ 45 ನಿಮಿಷ ಮೊದಲೇ ಅವು ಎಚ್ಚರಿಸಿದವೆಂದು 1999ರ ವರದಿಯೊಂದಿದೆ. ನಾಯಿ ಬಂದು ಮುಖವನ್ನೇ ದಿಟ್ಟಿಸುತ್ತದೆ, ಪಂಜದಿಂದ ತಟ್ಟುತ್ತದೆ, ಬೊಗಳುತ್ತದೆ. ಅಷ್ಟರಲ್ಲಿ ಆ ವ್ಯಕ್ತಿ ಒಲೆ ಆರಿಸಿ, ಮೆಟ್ಟಿಲಿಳಿದು, ಮೆತ್ತನೆಯ ಜಾಗದಲ್ಲಿ ಮಲಗಬಹುದು. ಆದರೆ ಈ ಮುನ್ಸೂಚನೆಯ ವಿದ್ಯೆ ಎಲ್ಲ ನಾಯಿಗೂ ಬರುವುದಿಲ್ಲ, ಬಂದ ನಾಯಿಯೂ ತಪ್ಪಬಹುದು. ಪಕ್ಕಾ ಕಲಿಸಬಹುದಾದ್ದು ಬೇರೆಯದು: ಫಿಟ್ಸ್ ಬಂದ ಮೇಲೆ ಮಾಡುವ ಕೆಲಸ. ಬಿದ್ದವರ ಮೈಗೆ ಒತ್ತಿಕೊಂಡು ಕೂರುವುದು, ಮನೆಯವರನ್ನು ಕೂಗಿ ಕರೆಯುವುದು, ಗುಂಡಿ ಒತ್ತಿ ಗಂಟೆ ಬಾರಿಸುವುದು, ಫೋನ್ ಕಚ್ಚಿ ತರುವುದು, ಎಚ್ಚರವಾಗುವ ತನಕ ಕದಲದಿರುವುದು. ಅಲ್ಲಿ ಒಂಟಿಯಾಗಿರುವ ಎಷ್ಟೋ ಜನ ಆ ಧೈರ್ಯದ ಮೇಲೆ ಅಂಗಡಿಗೆ, ಆಫೀಸಿಗೆ ಹೋಗಿಬರುತ್ತಾರೆ. ನಾಯಿ ಇದೆಯೆಂದು ಮಾತ್ರೆ ಬಿಡುವಂತಿಲ್ಲ.

ಇಷ್ಟು ಓದಿದ ಮೊಮ್ಮಕ್ಕಳು ನಮಗೂ ಒಂದು ನಾಯಿ ಬೇಕು ಎನ್ನುತ್ತೀರಿ. ಅಂಥ ನಾಯಿಗೆ ಒಂದೆರಡು ವರ್ಷದ ತರಬೇತಿ, ಲಕ್ಷಗಟ್ಟಲೆ ಖರ್ಚು. ನಮ್ಮ ತಾಲ್ಲೂಕಿನಲ್ಲಿ ಅದು ಸಿಗುವ ಮಾತಲ್ಲ. ಹಾಗೆಂದು ಈ ಕಾಯಿಲೆಯ ವಿಚಾರದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದಿದೆ ಎಂದುಕೊಳ್ಳಬೇಡಿ. ಪ್ರಪಂಚದ ವೈದ್ಯರು ಓದಿದ ಒಂದು ದೊಡ್ಡ ಅಧ್ಯಯನ ನಡೆದದ್ದು ನಮ್ಮ ಪಕ್ಕದ ಯಳಂದೂರಿನಲ್ಲಿ. ಸಂತೆಮರಹಳ್ಳಿಯಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯೂ ಬೇಡ.

ಆಗ ಯಳಂದೂರು ಇನ್ನೂ ಮೈಸೂರು ಜಿಲ್ಲೆಯಲ್ಲಿತ್ತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಸುಮಾರು 65 ಸಾವಿರ ಜನರಿರುವ ಆ ಪ್ರದೇಶದಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿದರು. ಸಾವಿರಕ್ಕೆ 4.63ರಂತೆ ಮೂರ್ಛೆರೋಗಿಗಳು ಸಿಕ್ಕರು. ಬ್ಯಾಂಕಿನವನ ಬುದ್ಧಿ, ಲೆಕ್ಕ ಹಾಕದೆ ಬಿಡುವುದಿಲ್ಲ: ಎರಡು ಸಾವಿರ ಜನರ ಊರಿಗೆ ಒಂಬತ್ತು ಮಂದಿ ಆಯಿತು. ನಿಮ್ಮೂರಿನಲ್ಲಿ ಒಬ್ಬರೂ ಇಲ್ಲ ಎನಿಸಿದರೆ, ಇಲ್ಲ ಎಂದಲ್ಲ, ಬಚ್ಚಿಟ್ಟಿದ್ದಾರೆ ಎಂದರ್ಥ.

ಹುಡುಕಿ ಸುಮ್ಮನಾಗಲಿಲ್ಲ. 135 ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಇವೇನೂ ಹೊಸ ಔಷಧಿಗಳಲ್ಲ. ಮೊದಲನೆಯದು 1912ರಿಂದ, ಎರಡನೆಯದು 1938ರಿಂದ ಬಳಕೆಯಲ್ಲಿದೆ, ಬೆಲೆಯೂ ಅಗ್ಗ. ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ನಿಂತಿತು. ಅದಾಗಲೇ ಬಹಳ ಸಲ ಫಿಟ್ಸ್ ಬಂದುಹೋದವರಿಗೆ ಹತೋಟಿ ಕಷ್ಟವಾಯಿತು. ಅಂದರೆ ತಡಮಾಡಿದಷ್ಟೂ ತೊಂದರೆ. 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು, ಶೀರ್ಷಿಕೆಯಲ್ಲೇ ಯಳಂದೂರಿನ ಹೆಸರಿದೆ. ನಮ್ಮವರಲ್ಲಿ ಹೆಚ್ಚಿನವರಿಗೆ ಈ ಸಂಗತಿ ತಿಳಿದಿಲ್ಲ ಎನ್ನುವುದೇ ನನಗೆ ಬೇಸರ.

ಡಾ. ಮಣಿಯವರೇ 1968ರಲ್ಲಿ ನಮ್ಮ ಸೀಮೆಯ ಇನ್ನೊಂದು ವಿಚಿತ್ರದ ಬಗ್ಗೆ ಬರೆದಿದ್ದರು: ಬಿಸಿನೀರಿನ ಫಿಟ್ಸ್. ಮೊದಲು ಇದನ್ನು ವರ್ಣಿಸಿದ್ದು 1945ರಲ್ಲಿ ನ್ಯೂಜಿಲೆಂಡಿನಲ್ಲಿ, ಆದರೆ ಅತಿ ಹೆಚ್ಚು ಕಂಡದ್ದು ದಕ್ಷಿಣ ಕರ್ನಾಟಕದಲ್ಲಿ. 1988ರಲ್ಲಿ ನಿಮ್ಹಾನ್ಸ್ ವೈದ್ಯರು 279 ರೋಗಿಗಳ ವಿವರ ಪ್ರಕಟಿಸಿದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಬಚ್ಚಲುಮನೆಯೇ ಸಾಕು. ಹಂಡೆಯಲ್ಲಿ ನೀರು ಕಾಯಿಸಿ, ಹಬೆಯಾಡುವಾಗಲೇ ಚೊಂಬಿನಲ್ಲಿ ಮೊಗೆದು ಮೊಗೆದು ತಲೆಗೆ ಸುರಿಯುತ್ತೇವೆ. ಮೈಗೆ ಸುರಿದರೆ ಏನೂ ಆಗದವರಿಗೂ ತಲೆಗೆ ಸುರಿದಾಗ ಫಿಟ್ಸ್ ಬರುತ್ತದೆ. ಎಲ್ಲರಿಗೂ ಅಲ್ಲ, ಮೆದುಳಿಗೆ ಆ ಗುಣ ಇದ್ದವರಿಗೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಕೆಲವು ಮಕ್ಕಳು ಬೇಡವೆಂದರೂ ನಿಲ್ಲಿಸದೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರಂತೆ, ಏನೋ ಒಂಥರಾ ಹಿತವಾಗುತ್ತದಂತೆ. ಅದು ಹಟವಲ್ಲ, ಕಾಯಿಲೆಯ ಲಕ್ಷಣ. ಅಂಥವರಿಗೆ ನೀರು ಉಗುರುಬೆಚ್ಚಗಿರಲಿ, ತಲೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ನುಂಗುವ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಬಚ್ಚಲಿನ ಚಿಲಕ ಮಾತ್ರ ಒಳಗಿನಿಂದ ಹಾಕಿಕೊಳ್ಳಬಾರದು. ನೀರು ತುಂಬುವ ಹಬ್ಬದ ಮರುದಿನ, ಎಣ್ಣೆ ಹಚ್ಚಿಸಿಕೊಂಡು ಮೊಮ್ಮಕ್ಕಳು ಸಾಲಾಗಿ ಕೂರುವಾಗ, ಅಜ್ಜಿಯರಿಗೆ ಇದು ನೆನಪಿರಲಿ.

ನಾನು ಕೆಲಸ ಮಾಡಿದ ಶಾಖೆಯೊಂದರಲ್ಲಿ ನಡೆದದ್ದು ಹೇಳುತ್ತೇನೆ. ಪಿಂಚಣಿ ಕೊಡುವ ದಿನ, ಕಾಲಿಡಲು ಜಾಗವಿಲ್ಲ. ರೇಷ್ಮೆಗೂಡು ಮಾರಿದ ದುಡ್ಡು ಕಟ್ಟಲು ಬಂದ ಯುವಕನೊಬ್ಬ ಸಾಲಿನಲ್ಲೇ ಬಿದ್ದು ಅದುರತೊಡಗಿದ. ಒಬ್ಬರು ಚಪ್ಪಲಿ ಬಿಚ್ಚಿದರು. ಇನ್ನೊಬ್ಬರು ಈರುಳ್ಳಿ ತನ್ನಿ ಎಂದರು. ಕೈಗೆ ಕಬ್ಬಿಣ ಕೊಡಿ, ನಿಮ್ಮ ಬೀಗದ ಕೈ ಕೊಡಿ ಎಂದು ಕ್ಯಾಷಿಯರನ್ನು ನಾಲ್ವರು ಮುತ್ತಿದರು. ಸ್ಟ್ರಾಂಗ್ ರೂಮಿನ ಬೀಗದ ಕೈಯನ್ನು ಆತ ಹೇಗೆ ಕೊಟ್ಟಾನು? ಎದೆಗವಚಿಕೊಂಡು ನಿಂತುಬಿಟ್ಟ. ಅಷ್ಟರಲ್ಲಿ ವಿಧವಾ ವೇತನಕ್ಕೆ ಬಂದಿದ್ದ ಅಜ್ಜಿಯೊಬ್ಬರು ಎಲ್ಲರನ್ನೂ ಸರಿಸಿ ನೆಲದ ಮೇಲೆ ಕೂತರು. ಮಡಚಿದ ಟವೆಲನ್ನು ಅವನ ತಲೆಯಡಿ ಇಟ್ಟರು. ಶರ್ಟಿನ ಗುಂಡಿ ಸಡಿಲಿಸಿದರು. ಅದುರುವುದು ನಿಲ್ಲುತ್ತಿದ್ದಂತೆ ಒಂದು ಮಗ್ಗುಲಿಗೆ ಹೊರಳಿಸಿದರು, ಬಾಯಿಯ ಜೊಲ್ಲು ಹೊರಗೆ ಹರಿಯಿತು. ನೀರು ಕುಡಿಸಲು ಬಂದವರನ್ನು ಗದರಿದರು. ಅವನು ಕಣ್ಣು ಬಿಟ್ಟಾಗ, "ಏನೂ ಆಗಿಲ್ಲ ಕನಪ್ಪ. ಬ್ಯಾಂಕಲ್ಲಿದ್ದೀಯ. ದುಡ್ಡೂ ಚೀಲ್ದಲ್ಲೇ ಅದ" ಎಂದರು. ಅವರ ಮೊಮ್ಮಗನಿಗೂ ಇದೇ ಕಾಯಿಲೆಯಂತೆ, ಡಾಕ್ಟರು ಹೇಳಿಕೊಟ್ಟಿದ್ದರಂತೆ.

ಶೆಫೀಲ್ಡಿನ ನಾಯಿಗೆ ಎರಡು ವರ್ಷ ಕಲಿಸುವ ಪಾಠದಲ್ಲಿ ಮುಕ್ಕಾಲು ಪಾಲು ಇದೇ. ಆ ಅಜ್ಜಿ ಮಾಡದ ಒಂದು ಕೆಲಸ ಗಡಿಯಾರ ನೋಡುವುದು. ಅದುರುವುದು ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಶುರುವಾದರೆ 108ಕ್ಕೆ ಫೋನ್ ಮಾಡಿ. ಹಲ್ಲಿನ ನಡುವೆ ಚಮಚ, ಬಟ್ಟೆ, ಬೆರಳು ಏನನ್ನೂ ತೂರಿಸಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಹತ್ತಿರ ಒಲೆ, ಬಾವಿ, ಕಾಲುವೆ ಇದ್ದರೆ ಮಾತ್ರ ಮೊದಲು ದೂರ ಎಳೆಯಿರಿ. ಶಾಲೆಯ ಮಕ್ಕಳೂ ಇಷ್ಟನ್ನು ಮಾಡಬಲ್ಲರು. ಇದು ಮುಟ್ಟಿದರೆ ಅಂಟುವ ಕಾಯಿಲೆಯಲ್ಲ.

ಬಚ್ಚಿಡುವುದಕ್ಕೆ ದೊಡ್ಡ ಕಾರಣ ಮದುವೆ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿ ತಂದಾಗ, ಮರುಕಳಿಸುವ ಮೂರ್ಛೆರೋಗವನ್ನೂ ಮದುವೆಗೆ ಅಡ್ಡಿಯೆಂದು ಹುಚ್ಚಿನ ಜೊತೆ ಸೇರಿಸಿದ್ದರು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಕಾನೂನಿನಲ್ಲಿ ಹೋದದ್ದು ನಮ್ಮ ಜಗಲಿಯ ಮಾತಿನಲ್ಲಿ ಇನ್ನೂ ಉಳಿದಿದೆ. 1992ರ ವಿಶ್ವಕಪ್‌ನಲ್ಲಿ ಗಾಳಿಯಲ್ಲಿ ಹಾರಿ ಇಂಜಮಾಮ್‌ನನ್ನು ರನ್‌ಔಟ್ ಮಾಡಿದ ಜಾಂಟಿ ರೋಡ್ಸ್ ತಾತಂದಿರಿಗೆ ನೆನಪಿರಬೇಕು. ಅವರಿಗೂ ಚಿಕ್ಕಂದಿನಿಂದ ಮೂರ್ಛೆರೋಗವಿದೆ. ಅದನ್ನವರು ಎಲ್ಲರೆದುರು ಹೇಳಿಕೊಂಡಿದ್ದಾರೆ.

ಮನೆಯಲ್ಲಿ ಫಿಟ್ಸ್ ಇರುವ ಮಗುವಿದ್ದರೆ ಇನ್ನೊಂದು ಕೆಲಸ ತಾತನದು. ಉದ್ದನೆಯ ನೋಟ್ ಪುಸ್ತಕ ತೆಗೆದುಕೊಂಡು ಲೆಡ್ಜರಿನ ಹಾಗೆ ಗೆರೆ ಎಳೆಯಿರಿ. ತಾರೀಖು, ಹೊತ್ತು, ಎಷ್ಟು ನಿಮಿಷ, ಆಗ ಮಗು ಏನು ಮಾಡುತ್ತಿತ್ತು, ಹಿಂದಿನ ದಿನ ಮಾತ್ರೆ ತಪ್ಪಿತ್ತೇ, ನಿದ್ದೆ ಕೆಟ್ಟಿತ್ತೇ, ತಲೆಸ್ನಾನ ಆಗಿತ್ತೇ. ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ನಿಮ್ಹಾನ್ಸಿಗೋ ಹೋಗುವಾಗ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಳ್ಳಿ. ಡಾಕ್ಟರು ಕೇಳುವ ಮೊದಲ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.